ತೆಳುಗಾಳಿಯೂ ವೇಗದ ಓಟವೂ

1968ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಮೆಕ್ಸಿಕೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿರುವ ಊರು ಅದು. ನೀಲಗಿರಿಯ ಉದಕಮಂಡಲವೂ ಹೆಚ್ಚುಕಡಮೆ ಅಷ್ಟೇ ಎತ್ತರದಲ್ಲಿದೆಯೆಂದರೆ ವಾಚಕರಿಗೆ ಅಂದಾಜು ಸಿಕ್ಕೀತು. ಆ ಕ್ರೀಡೆಗಳಲ್ಲಿ ನಡೆದುದು ಒಂದು ಒಗಟಿನಂತಿತ್ತು. 100 ಮೀಟರ್ ಓಟವನ್ನು ಅಮೆರಿಕದ ಜಿಮ್ ಹೈನ್ಸ್ 9.95 ಸೆಕೆಂಡುಗಳಲ್ಲಿ ಮುಗಿಸಿದರು. 200 ಮೀಟರ್ ಓಟವನ್ನು ಟಾಮಿ ಸ್ಮಿತ್ 19.83 ಸೆಕೆಂಡುಗಳಲ್ಲಿ, 400 ಮೀಟರ್ ಓಟವನ್ನು ಲೀ ಇವಾನ್ಸ್ 43.86 ಸೆಕೆಂಡುಗಳಲ್ಲಿ. ಮೂರೂ ಜಗದ್ದಾಖಲೆಗಳೇ. ಉದ್ದ ಜಿಗಿತದಲ್ಲಿ ಬಾಬ್ ಬೀಮನ್ ಹಿಂದಿನ 8.35 ಮೀಟರ್ ದಾಖಲೆಯನ್ನು ಒಂದೇ ನೆಗೆತಕ್ಕೆ 8.90 ಮೀಟರಿಗೆ ಏರಿಸಿದರು. ಅದೇ ಕ್ರೀಡಾಂಗಣದಲ್ಲಿ, ಅದೇ ಗಾಳಿಯಲ್ಲಿ, 10,000 ಮೀಟರ್ ಓಟವನ್ನು ಗೆದ್ದ ಕೀನ್ಯದ ನಫ್ತಾಲಿ ಟೆಮು ಅವರಿಗೆ ಹಿಡಿದ ಕಾಲ 29 ನಿಮಿಷ 27.4 ಸೆಕೆಂಡು, ಅಂದಿನ ಜಗದ್ದಾಖಲೆಗಿಂತ 1 ನಿಮಿಷ 48 ಸೆಕೆಂಡು ಹೆಚ್ಚು. ಆ ದಾಖಲೆಯ ಒಡೆಯರಾಗಿದ್ದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ, ಅಲ್ಲಿಯೇ ಕುಸಿದುಬಿದ್ದರು.

ಒಂದೇ ಗಾಳಿ ಒಬ್ಬರನ್ನು ಹಾರಿಸಿತು, ಇನ್ನೊಬ್ಬರನ್ನು ಕೆಡವಿತು. ಇದರ ಗುಟ್ಟನ್ನು ಅರಸುತ್ತ ಹೊರಟ ಕ್ರೀಡಾಪ್ರಪಂಚ ಕ್ರಮೇಣ ಬೆಟ್ಟಗಳ ಕಡೆಗೆ ಮುಖಮಾಡಿತು. ಬೆಟ್ಟವಿಲ್ಲದ ಕಡೆ ಬೆಟ್ಟದ ಗಾಳಿಯನ್ನೇ ಕೋಣೆಯೊಳಗೆ ತಯಾರಿಸುವ ಯಂತ್ರಗಳು ಬಂದವು. ಮೊದಮೊದಲು ದೂರದ ಓಟಗಾರರಿಗಾಗಿ ಏರ್ಪಟ್ಟ ಈ ಸಾಧನೆ, ಇತ್ತೀಚಿನ ವರ್ಷಗಳಲ್ಲಿ ಹತ್ತು ಸೆಕೆಂಡಿನ ವೇಗದ ಓಟಕ್ಕೂ ಅನ್ವಯವಾಗುತ್ತಿದೆ. ಆಮ್ಲಜನಕ ಕಡಮೆಯಿರುವ ಗಾಳಿಯಲ್ಲಿ ಓಡಿ ಅಭ್ಯಾಸಮಾಡಿದರೆ ವೇಗ ಹೆಚ್ಚುವುದೆಂಬ ಮಾತು ನಮ್ಮ ಕಾಲೇಜುಗಳ ಆಟದ ಬಯಲಿಗೂ ತಲಪಿದೆ. ಈ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ನಂಬಿ ಎಷ್ಟು ಹಣ ಸುರಿಯಬಹುದು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ತೆಳುಗಾಳಿಯ ತರಬೇತು ಪೊಳ್ಳಲ್ಲ; ಆದರೆ ಅದು ಕಟ್ಟಡದ ಕಳಸವೇ ಹೊರತು ತಳಪಾಯವಲ್ಲ. ತಳಪಾಯವನ್ನು ತೋಡದೆ ಕಳಸಕ್ಕೆ ಚಿನ್ನದ ನೀರು ಹಾಕಿಸುವ ಆತುರ ನಮ್ಮ ದೇಶದ ಎಳೆಯ ಓಟಗಾರರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಉಪಕಾರ ಮಾಡುವುದಿಲ್ಲ. ಈ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ಗಾಳಿಯ ಲೆಕ್ಕ

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಮೆಯೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಮಂಗಳೂರಿನ ಕಡಲ ತೀರದಲ್ಲಿಯೂ ಉದಕಮಂಡಲದ ಗುಡ್ಡದ ಮೇಲೆಯೂ ಆಮ್ಲಜನಕದ ಪಾಲು ಶೇಕಡಾ 21ರ ಸುಮಾರೇ. ಕಡಮೆಯಾಗುವುದು ಪಾಲಲ್ಲ, ಒತ್ತಡ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ 760 ಮಿಲಿಮೀಟರ್ ಪಾದರಸದಷ್ಟಿದ್ದರೆ, 2240 ಮೀಟರ್ ಎತ್ತರದಲ್ಲಿ ಅದು ಸುಮಾರು 585ಕ್ಕೆ ಇಳಿಯುತ್ತದೆ. ಅದರಲ್ಲಿ ಆಮ್ಲಜನಕಕ್ಕೆ ಸೇರಿದ ಭಾಗ ಕೆಳಗೆ 159 ಮಿಲಿಮೀಟರ್, ಮೇಲೆ ಸುಮಾರು 122 ಮಿಲಿಮೀಟರ್. ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವುದು ಈ ಒತ್ತಡವೇ ಆದುದರಿಂದ, ಒತ್ತಡ ಕುಗ್ಗಿದಾಗ ರಕ್ತಕ್ಕೆ ಸೇರುವ ಆಮ್ಲಜನಕವೂ ಕುಗ್ಗುತ್ತದೆ. ಸ್ನಾಯುಗಳಿಗೆ ನಿಮಿಷಗಟ್ಟಲೆ ಆಮ್ಲಜನಕ ಬೇಕಾಗುವ 10,000 ಮೀಟರ್ ಓಟದಲ್ಲಿ ಓಟಗಾರರು ಬಳಲಿದುದಕ್ಕೆ ಇದೇ ಕಾರಣ.

ಹಾಗಾದರೆ ವೇಗದ ಓಟಗಾರರಿಗೆ ದೊರೆತ ಲಾಭ ಎಲ್ಲಿಯದು? ಅದಕ್ಕೂ ಇದೇ ತೆಳುವು ಕಾರಣ. ಆದರೆ ಬೇರೆ ದಾರಿಯಿಂದ. ಓಡುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕಷ್ಟೆ. ಗಾಳಿಯ ತಡೆ ಅದರ ಸಾಂದ್ರತೆಗೂ ಓಟದ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುವ ಮನುಷ್ಯನಿಗೆ ಸಮುದ್ರಮಟ್ಟದಲ್ಲಿ ಎದುರಾಗುವ ತಡೆ ಸುಮಾರು 27 ನ್ಯೂಟನ್ ಎಂದು ಲೆಕ್ಕಹಾಕಬಹುದು. ಮೆಕ್ಸಿಕೋ ನಗರದ ಗಾಳಿಯ ಸಾಂದ್ರತೆ ಶೇಕಡಾ 20ಕ್ಕೂ ಹೆಚ್ಚು ಕಡಮೆಯಾದುದರಿಂದ ಅಲ್ಲಿ ಅದು 21 ನ್ಯೂಟನ್ನಿಗೆ ಇಳಿಯುತ್ತದೆ. ಉಳಿತಾಯ 6 ನ್ಯೂಟನ್. ಎಂದರೆ ಸುಮಾರು 600 ಗ್ರಾಂ ತೂಕದಷ್ಟು ಬಲ ಓಟಗಾರನ ಎದೆಯ ಮೇಲಿನಿಂದ ಇಳಿದಂತಾಯಿತು. 100 ಮೀಟರ್ ಓಟದಲ್ಲಿ ಇದರಿಂದ ಸಿಗುವ ಲಾಭ ಒಂದು ಸೆಕೆಂಡಿನ ನೂರರಲ್ಲಿ ಐದರಿಂದ ಎಂಟು ಪಾಲು. ಇದು ಅಲ್ಪವೆಂದು ತೋರಬಹುದು. ಆದರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಪಿ. ಟಿ. ಉಷಾ ಅವರಿಗೆ ಕಂಚಿನ ಪದಕ ತಪ್ಪಿದುದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಎಂಬುದನ್ನು ನೆನೆದರೆ ಅಲ್ಪವೆನಿಸದು. 1000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಓಡಿದ ಕಾಲಗಳಿಗೆ ದಾಖಲೆಯ ಪಟ್ಟಿಗಳಲ್ಲಿ ಬೇರೆಯ ಗುರುತು ಹಾಕುವ ರೂಢಿ ಇರುವುದು ಇದಕ್ಕಾಗಿಯೇ. ಸುಮಾರು 920 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರು ಆ ಗೆರೆಗಿಂತ ಸ್ವಲ್ಪವೇ ಕೆಳಗಿದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಮೆಕ್ಸಿಕೋದ ದಾಖಲೆಗಳು ತೆಳುಗಾಳಿಯಲ್ಲಿ ಓಡಿದುದರ ಫಲವೇ ಹೊರತು, ತೆಳುಗಾಳಿಯಲ್ಲಿ ತರಬೇತು ಪಡೆದರೆ ಬೇರೆಡೆಯೂ ವೇಗ ಬರುವುದೆಂಬುದಕ್ಕೆ ಸಾಕ್ಷಿಯಲ್ಲ. ಅಷ್ಟೂ ಫಲ ಗಾಳಿಯದೇ ಎಂದೂ ಹೇಳಲಾಗದು. ಒಲಿಂಪಿಕ್ ಕ್ರೀಡೆಗಳಲ್ಲಿ ಮಣ್ಣಿನ ಹಾದಿಯ ಬದಲು ಕೃತಕ ರಬ್ಬರಿನಂಥ ಹಾದಿಯನ್ನು ಹಾಸಿದುದು ಅದೇ ಮೊದಲು. ಬೀಮನ್ ನೆಗೆದಾಗ ಬೆನ್ನ ಹಿಂದಿನಿಂದ ಬೀಸುತ್ತಿದ್ದ ಗಾಳಿಯ ವೇಗವೂ ನಿಯಮ ಒಪ್ಪುವ ಕೊನೆಯ ಮಿತಿಯಾದ ಸೆಕೆಂಡಿಗೆ 2.0 ಮೀಟರ್ ಇತ್ತು. ಒಂದು ಫಲಕ್ಕೆ ಹಲವು ಕಾರಣಗಳು ಸೇರಿರುವಾಗ ನಮಗೆ ಪ್ರಿಯವಾದ ಒಂದನ್ನೇ ಎತ್ತಿಹಿಡಿಯುವುದು ವಿಜ್ಞಾನದ ರೀತಿಯಲ್ಲ.

ಹತ್ತು ಸೆಕೆಂಡಿನ ಉಸಿರು

ವೇಗದ ಓಟಗಾರನಿಗೆ ಎತ್ತರದಲ್ಲಿ ಆಮ್ಲಜನಕದ ಕೊರತೆ ಏಕೆ ಬಾಧಿಸಲಿಲ್ಲ? ಸ್ನಾಯು ಸಂಕೋಚಗೊಳ್ಳಲು ಬೇಕಾದ ಶಕ್ತಿ ಎ.ಟಿ.ಪಿ. ಎಂಬ ಪದಾರ್ಥದಿಂದ ಬರುತ್ತದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎ.ಟಿ.ಪಿ. ಎರಡು ಮೂರು ಸೆಕೆಂಡುಗಳಿಗೆ ಮಾತ್ರ ಸಾಕು. ಅದು ಖರ್ಚಾದಂತೆಲ್ಲ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಪದಾರ್ಥ ಅದನ್ನು ಮತ್ತೆ ಕಟ್ಟಿಕೊಡುತ್ತದೆ. ಈ ದಾಸ್ತಾನೂ ಹತ್ತು ಸೆಕೆಂಡುಗಳ ಸುಮಾರಿಗೆ ಬಹುಮಟ್ಟಿಗೆ ಬರಿದಾಗುತ್ತದೆ. ಇದರ ಜೊತೆಗೆ, ಸ್ನಾಯುವಿನಲ್ಲಿರುವ ಸಕ್ಕರೆಯ ಸಂಗ್ರಹವನ್ನು ಆಮ್ಲಜನಕದ ನೆರವಿಲ್ಲದೆ ಒಡೆದು ಶಕ್ತಿ ಪಡೆಯುವ ಕ್ರಿಯೆಯೂ ನಡೆಯುತ್ತಿರುತ್ತದೆ. ಈ ಯಾವುದಕ್ಕೂ ಆ ಕ್ಷಣದಲ್ಲಿ ಎಳೆದ ಉಸಿರು ಬೇಕಿಲ್ಲ. 100 ಮೀಟರ್ ಓಡುವವನು ಕೈಯಲ್ಲಿರುವ ಹಣದಿಂದಲೇ ವ್ಯಾಪಾರ ಮುಗಿಸಿಬಿಡುತ್ತಾನೆ. 10,000 ಮೀಟರ್ ಓಡುವವನಾದರೋ ಅಂದಂದಿನ ಸಂಪಾದನೆಯಿಂದಲೇ ಅಂದಂದಿನ ಖರ್ಚು ನಡೆಸಬೇಕು.

ಆದರೆ ಬರಿದಾದ ದಾಸ್ತಾನನ್ನು ಮರಳಿ ತುಂಬುವ ಕೆಲಸಕ್ಕೆ ಆಮ್ಲಜನಕ ಬೇಕೇ ಬೇಕು. ಒಂದೇ ಸಲ ಓಡಿ ನಿಲ್ಲುವವನಿಗೆ ಇದರ ಚಿಂತೆಯಿಲ್ಲ. ಹಾಕಿ ಆಟಗಾರ, ಫುಟ್‌ಬಾಲ್ ಆಟಗಾರ, ಕಬಡ್ಡಿ ಆಟಗಾರ, ಇವರ ಪಾಡು ಬೇರೆ. ಇವರು ಐದಾರು ಸೆಕೆಂಡು ಶಕ್ತಿಮೀರಿ ಓಡಿ, ಅರೆನಿಮಿಷ ಸುಧಾರಿಸಿಕೊಂಡು, ಮತ್ತೆ ಓಡಬೇಕು. ಒಂದು ಪಂದ್ಯದಲ್ಲಿ ಹೀಗೆ ಹತ್ತಾರು ಸಲ. ಅರೆನಿಮಿಷದಲ್ಲಿ ದಾಸ್ತಾನು ಎಷ್ಟು ತುಂಬೀತೆಂಬುದರ ಮೇಲೆ ಮುಂದಿನ ಓಟ ನಿಂತಿದೆ. ತೆಳುಗಾಳಿಯ ತರಬೇತಿನ ನಿಜವಾದ ಪ್ರಶ್ನೆ ಇರುವುದು ಈ ಅರೆನಿಮಿಷದಲ್ಲಿ.

ಪ್ರಯೋಗಗಳು ಹೇಳುವುದೇನು?

ಎತ್ತರದಲ್ಲಿ ವಾಸಿಸಿದರೆ ಮೂತ್ರಪಿಂಡವು ಎರಿತ್ರೊಪೊಯೆಟಿನ್ ಎಂಬ ರಸವನ್ನು ಹೆಚ್ಚಾಗಿ ಸುರಿಸಿ, ಅದರ ಪ್ರಚೋದನೆಯಿಂದ ಕೆಂಪು ರಕ್ತಕಣಗಳು ವೃದ್ಧಿಯಾಗುತ್ತವೆ. ಆದರೆ ಅಲ್ಲಿಯೇ ಓಡಿದರೆ ವೇಗ ಸಾಲದೆ ತರಬೇತು ಸೊರಗುತ್ತದೆ. ಈ ಇಕ್ಕಟ್ಟಿಗೆ ಅಮೆರಿಕದ ಬೆಂಜಮಿನ್ ಲೆವೀನ್ ಮತ್ತು ಜೇಮ್ಸ್ ಸ್ಟ್ರೇ-ಗಂಡರ್‌ಸನ್ ಎಂಬವರು ಒಂದು ಉಪಾಯ ಹೂಡಿದರು: ವಾಸ ಮೇಲೆ, ಓಟ ಕೆಳಗೆ. 1997ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ 2500 ಮೀಟರ್ ಎತ್ತರದಲ್ಲಿ ವಾಸಿಸಿ 1250 ಮೀಟರ್ ಎತ್ತರದಲ್ಲಿ ನಾಲ್ಕು ವಾರ ಅಭ್ಯಾಸಮಾಡಿದ ಓಟಗಾರರ 5000 ಮೀಟರ್ ಓಟದ ಕಾಲ ಸುಮಾರು 13 ಸೆಕೆಂಡು ತಗ್ಗಿತು. ಇದು ದೂರದ ಓಟದ ಕಥೆ.

ವೇಗದ ಓಟಕ್ಕೆ ಬಂದ ಹೊಸ ಕ್ರಮ ಇದಕ್ಕೆ ತಿರುವುಮುರುವು. ಇಲ್ಲಿ ವಾಸ ಕೆಳಗೆ. ವಾರಕ್ಕೆ ಎರಡು ಮೂರು ಸಲ, ಗಂಟೆಯೊಳಗಿನ ಅಭ್ಯಾಸ ಮಾತ್ರ ತೆಳುಗಾಳಿಯಲ್ಲಿ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾನಿಲಯದ ಗ್ರೆಗೊಆರ್ ಮಿಯೆ, ರಾಫಾಯೆಲ್ ಫೈಸ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದರಲ್ಲಿ ಮುಖ್ಯವಾದುದು. ನುರಿತ ಸೈಕಲ್ ಪಟುಗಳ ಎರಡು ತಂಡಗಳು ನಾಲ್ಕು ವಾರಗಳಲ್ಲಿ ಎಂಟು ಸಲ ಹತ್ತು ಸೆಕೆಂಡಿನ ಶಕ್ತಿಮೀರಿದ ತುಳಿತಗಳನ್ನು ಅಭ್ಯಾಸಮಾಡಿದವು. ಒಂದು ತಂಡಕ್ಕೆ ಸಾಧಾರಣ ಗಾಳಿ. ಇನ್ನೊಂದಕ್ಕೆ 3000 ಮೀಟರ್ ಎತ್ತರಕ್ಕೆ ಸಮನಾಗುವಂತೆ ಆಮ್ಲಜನಕವನ್ನು ತಗ್ಗಿಸಿದ ಗಾಳಿ. ಕೊನೆಯಲ್ಲಿ, ಹತ್ತು ಸೆಕೆಂಡು ತುಳಿದು ಇಪ್ಪತ್ತು ಸೆಕೆಂಡು ವಿರಮಿಸುವ ಕ್ರಮದಲ್ಲಿ ದಣಿದು ನಿಲ್ಲುವವರೆಗೆ ಎಷ್ಟು ಸಲ ತುಳಿಯಬಲ್ಲರೆಂದು ಸಾಧಾರಣ ಗಾಳಿಯಲ್ಲಿಯೇ ಪರೀಕ್ಷಿಸಲಾಯಿತು. ತೆಳುಗಾಳಿಯ ತಂಡದ ಸರಾಸರಿ ಸಂಖ್ಯೆ 9ರ ಸುಮಾರಿನಿಂದ 13ಕ್ಕೆ ಏರಿತು. ಇನ್ನೊಂದು ತಂಡದ್ದು ಏರಲಿಲ್ಲ. ಸ್ನಾಯುಗಳಿಗೆ ರಕ್ತದ ಹರಿವು ಹೆಚ್ಚಿ, ಅರೆನಿಮಿಷದ ವಿರಾಮದಲ್ಲಿ ದಾಸ್ತಾನು ಬೇಗ ತುಂಬುವುದೇ ಇದರ ಕಾರಣವೆಂದು ಅವರು ಊಹಿಸುತ್ತಾರೆ.

ಇದೇ ಪ್ರಯೋಗದ ಇನ್ನೊಂದು ಫಲವನ್ನು ತೆಳುಗಾಳಿಯ ಹೊಗಳುಭಟರು ಅಷ್ಟಾಗಿ ಹೇಳುವುದಿಲ್ಲ. ಒಂದೇ ಒಂದು ತುಳಿತದ ಬಲವನ್ನು ಅಳೆದಾಗ ಎರಡೂ ತಂಡಗಳಲ್ಲಿ ಅದು ಒಂದೇ ಸಮನಾಗಿ, ಶೇಕಡಾ 6ರ ಸುಮಾರು, ಹೆಚ್ಚಿತ್ತು. ಒಂದು ಓಟದ ವೇಗವನ್ನು ಹೆಚ್ಚಿಸಿದುದು ಗಾಳಿಯಲ್ಲ, ಅಭ್ಯಾಸ. ಗಾಳಿಯಿಂದ ದೊರೆತುದು ಓಟವನ್ನು ಮರಳಿ ಮರಳಿ ಓಡುವ ತಾಳಿಕೆ.

ಈ ತಾಳಿಕೆಯಾದರೂ ನಿಶ್ಚಿತವೇ? ಅದನ್ನೂ ಸಂಶಯಿಸುವವರಿದ್ದಾರೆ. ತಾನು ಉಸಿರಾಡುತ್ತಿರುವುದು ವಿಶೇಷವಾದ ಗಾಳಿಯೆಂದು ತಿಳಿದವನು ಉತ್ಸಾಹದಿಂದಲೇ ಹೆಚ್ಚು ತುಳಿದಾನು. ಆದುದರಿಂದ ಯಾರಿಗೆ ಯಾವ ಗಾಳಿಯೆಂಬುದು ಓಟಗಾರರಿಗೂ, ಅಳೆಯುವವರಿಗೂ ತಿಳಿಯದಂತೆ ಪ್ರಯೋಗವನ್ನು ನಡೆಸಬೇಕು. ಡೇವಿಡ್ ಮೊಂಟೆರೊ ಮತ್ತು ಕಾರ್ಸ್ಟನ್ ಲುಂಡ್‌ಬಿ ಇಂಥ ಕಟ್ಟುನಿಟ್ಟಿನ ಪ್ರಯೋಗವನ್ನು ನಡೆಸಿ, ಒಬ್ಬೊಬ್ಬ ಪಟುವೂ ಎರಡು ಬಗೆಯ ಗಾಳಿಯಲ್ಲಿಯೂ ಸರದಿಯಂತೆ ಅಭ್ಯಾಸಮಾಡುವಂತೆ ಏರ್ಪಡಿಸಿದರು. ತೆಳುಗಾಳಿಯಿಂದ ವಿಶೇಷ ಲಾಭವೇನೂ ಕಾಣಲಿಲ್ಲವೆಂದು 2017ರಲ್ಲಿ ವರದಿಮಾಡಿದರು. ಅದೇ ವರ್ಷ, ಆವರೆಗಿನ 9 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಇನ್ನೊಂದು ಲೇಖನ, ಮರಳಿ ಮರಳಿ ಓಡುವ ಶಕ್ತಿಯಲ್ಲಿ ಅಷ್ಟಿಷ್ಟು ಲಾಭವಿದೆಯೆಂದು ತೀರ್ಮಾನಿಸಿತು. ದೂರದ ಓಟದ ಪದ್ಧತಿಗೂ ಈ ಅಗ್ನಿಪರೀಕ್ಷೆ ತಪ್ಪಲಿಲ್ಲ. 2012ರಲ್ಲಿ ಲುಂಡ್‌ಬಿ ಅವರ ತಂಡವೇ 16 ಸೈಕಲ್ ಪಟುಗಳನ್ನು ಗುಟ್ಟು ಬಿಡದ ಕೋಣೆಗಳಲ್ಲಿ ನಾಲ್ಕು ವಾರ ಇರಿಸಿ ನೋಡಿದಾಗ, ಎತ್ತರದ ಗಾಳಿ ಪಡೆದವರಿಗೆ ಹೆಚ್ಚಿನ ಲಾಭ ದೊರೆತಿರಲಿಲ್ಲ.

ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ತೂಕವಿದೆ. ಇದನ್ನೆಲ್ಲ ಓದಿ ನಾವು ತಾಳುವ ನಿಲುವು ಇದು: ಒಂದೇ ಸಲ ಓಡುವ 100 ಮೀಟರ್ ಓಟಗಾರನನ್ನು ತೆಳುಗಾಳಿಯ ತರಬೇತು ವೇಗಗೊಳಿಸುತ್ತದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಪದೇ ಪದೇ ಓಡಬೇಕಾದ ಆಟಗಳಲ್ಲಿ, ಆಗಲೇ ಚೆನ್ನಾಗಿ ಪಳಗಿದವರಿಗೆ, ಅಲ್ಪಸ್ವಲ್ಪ ಲಾಭವಾಗುವ ಸಂಭವವುಂಟು.

ಉದಾಹರಣೆಗಳಿಂದ ಇತ್ಯರ್ಥವಾಗದು

ತರುಣರು ಪ್ರಯೋಗಗಳಿಗಿಂತ ವೀರರ ಕಥೆಗಳನ್ನು ಬೇಗ ನಂಬುತ್ತಾರೆ. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟವನ್ನು 43.03 ಸೆಕೆಂಡುಗಳಲ್ಲಿ ಓಡಿದ ದಕ್ಷಿಣ ಆಫ್ರಿಕದ ವೇಡ್ ವಾನ್ ನೀಕರ್ಕ್ ಅಭ್ಯಾಸ ಮಾಡಿದುದು ಸುಮಾರು 1400 ಮೀಟರ್ ಎತ್ತರದ ಬ್ಲೂಮ್‌ಫಾಂಟೇನ್ ನಗರದಲ್ಲಿ. ನೋಡಿರಿ, ಎತ್ತರದ ಮಹಿಮೆ ಎಂದು ಒಬ್ಬರು ಹೇಳಿಯಾರು. 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರ್ ಓಟವನ್ನು 9.58 ಸೆಕೆಂಡುಗಳಲ್ಲಿ ಮುಗಿಸಿದ ಉಸೇನ್ ಬೋಲ್ಟ್ ಕಡಲ ನಡುವಣ ಜಮೈಕದವರು. ನೋಡಿರಿ, ಸಮುದ್ರತೀರದ ಮಹಿಮೆ ಎಂದು ಇನ್ನೊಬ್ಬರು ಹೇಳಿಯಾರು. ನಮ್ಮ ಉಷಾ ಅವರೂ ಕೇರಳದ ಪಯ್ಯೋಳಿಯ ಕಡಲ ಮರಳಿನಲ್ಲಿ ಓಡಿ ಬೆಳೆದವರೇ. ಒಂದೊಂದು ಉದಾಹರಣೆಯೂ ಒಂದೊಂದು ಕಡೆಗೆ ಎಳೆಯುತ್ತದೆ. ವೀರನ ಬದುಕಿನಲ್ಲಿ ಗಾಳಿಯೊಂದೇ ಇರುವುದಿಲ್ಲ. ತಾಯಿತಂದೆಗಳಿಂದ ಬಂದ ಮೈಕಟ್ಟು, ಗುರುವಿನ ಕಣ್ಣು, ತಟ್ಟೆಯ ಅನ್ನ, ಊರಿನ ಪ್ರೋತ್ಸಾಹ ಎಲ್ಲವೂ ಇರುತ್ತವೆ. ಹೋಲಿಸತಕ್ಕ ಎರಡು ತಂಡಗಳನ್ನು ಉಳಿದೆಲ್ಲದರಲ್ಲಿ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸುವ ಪ್ರಯೋಗಕ್ಕೆ ಬೆಲೆ ಬಂದಿರುವುದು ಇದರಿಂದಲೇ.

ಸಂದೇಹಕ್ಕೆ ಎಡೆಯಿದ್ದಲ್ಲಿ ವ್ಯಾಪಾರ ನುಗ್ಗುವುದು ಲೋಕರೂಢಿ. ಬಾಯಿಮೂಗುಗಳನ್ನು ಮುಚ್ಚುವ ಒಂದು ಬಗೆಯ ರಬ್ಬರಿನ ಮುಖಗವಸನ್ನು, ಇದನ್ನು ತೊಟ್ಟು ಓಡಿದರೆ ಬೆಟ್ಟದ ಮೇಲೆ ಓಡಿದಂತೆಯೇ ಎಂದು ಹೇಳಿ ಮಾರುತ್ತಾರೆ. ಭೌತವಿಜ್ಞಾನವನ್ನು ಪಾಠ ಹೇಳುವ ನಮಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಅದರ ಕಿರಿದಾದ ತೂತುಗಳು ಉಸಿರೆಳೆಯುವುದನ್ನು ಕಷ್ಟಗೊಳಿಸುತ್ತವೆ, ನಿಜ. ಆದರೆ ವಾಯುಮಂಡಲದ ಒತ್ತಡವನ್ನಾಗಲಿ, ಗಾಳಿಯಲ್ಲಿನ ಆಮ್ಲಜನಕದ ಪಾಲನ್ನಾಗಲಿ ಬೆಟ್ಟದ ಮಟ್ಟಕ್ಕೆ ಇಳಿಸುವ ಸಾಧನ ಅದರಲ್ಲಿಲ್ಲ. ಮೂಗನ್ನು ಅರ್ಧ ಹಿಚುಕಿಕೊಂಡವನು ಬೆಟ್ಟ ಹತ್ತಿದವನಾಗುವುದಿಲ್ಲ.

ನಮ್ಮ ನೆಲದ ಮಾತು

ಇನ್ನು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೊಗ್ಲೋಬಿನ್. ಅದರ ತಿರುಳು ಕಬ್ಬಿಣ. ಒಂದು ಗ್ರಾಂ ಹಿಮೊಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲುದು. 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಹಿಮೊಗ್ಲೋಬಿನ್ ಇರುವ ಹುಡುಗಿಯೊಬ್ಬಳನ್ನು ಭಾವಿಸಿಕೊಳ್ಳಿರಿ. ರಕ್ತಹೀನತೆ ಇಲ್ಲವೆನ್ನಲು ಬೇಕಾದ ಕನಿಷ್ಠ ಮಟ್ಟ ಅದು. ಸಮುದ್ರಮಟ್ಟದಲ್ಲಿ ಹಿಮೊಗ್ಲೋಬಿನ್ನಿನ ಶೇಕಡಾ 97 ಪಾಲು ತುಂಬಿರುತ್ತದೆಂದು ಹಿಡಿದರೆ, ಆ ರಕ್ತ ಹೊರುವ ಆಮ್ಲಜನಕ 15.6 ಮಿಲಿಲೀಟರ್. ಅವಳನ್ನು ಉದಕಮಂಡಲಕ್ಕೆ ಕರೆದೊಯ್ದರೆ ತುಂಬುವ ಪಾಲು ಶೇಕಡಾ 93ರ ಸುಮಾರಿಗೆ ಇಳಿದು, ಹೊರೆ 15 ಮಿಲಿಲೀಟರ್ ಆದೀತು. ತೀವ್ರವಾಗಿ ಓಡುವಾಗ ಪಾಲು ಇನ್ನೂ ಇಳಿದು ಶೇಕಡಾ 85 ಆಯಿತೆನ್ನಿ, ಆಗಲೂ 13.7 ಮಿಲಿಲೀಟರ್ ಇದೆ. ಈಗ, 9 ಗ್ರಾಂ ಹಿಮೊಗ್ಲೋಬಿನ್ ಇರುವ ಇನ್ನೊಬ್ಬ ಹುಡುಗಿಯನ್ನು ಮಂಗಳೂರಿನ ಕಡಲ ತೀರದಲ್ಲಿ ನಿಲ್ಲಿಸಿ ನೋಡಿರಿ. ಗಾಳಿ ಎಷ್ಟೇ ದಟ್ಟವಾಗಿದ್ದರೂ ಅವಳ ರಕ್ತ ಹೊರುವುದು 11.7 ಮಿಲಿಲೀಟರ್ ಮಾತ್ರ!

ಎಂದರೆ, ಬೆಟ್ಟವನ್ನು ಹತ್ತದೆಯೇ ಈ ಹುಡುಗಿ ಉದಕಮಂಡಲಕ್ಕಿಂತ ಎತ್ತರದಲ್ಲಿ ಓಡುತ್ತಿದ್ದಾಳೆ. ಯಂತ್ರವಿಲ್ಲದೆ, ಕೋಣೆಯಿಲ್ಲದೆ, ಹಗಲಿರುಳೂ ಅವಳಿಗೆ ಆಮ್ಲಜನಕದ ಕೊರತೆ. ಇದು ಅವಳಿಗೆ ತರಬೇತಲ್ಲ, ಬೇನೆ. ಇಂಥವರು ಒಬ್ಬಿಬ್ಬರಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ಒಂದಲ್ಲ ಒಂದು ಮಟ್ಟದ ರಕ್ತಹೀನತೆ ಇದೆ. ಎಲ್ಲರದೂ 9 ಗ್ರಾಂ ಅಲ್ಲ. ಎಲ್ಲಕ್ಕೂ ಕಬ್ಬಿಣದ ಕೊರತೆಯೊಂದೇ ಕಾರಣವೂ ಅಲ್ಲ. ಆದರೂ ಓಟದ ಗೆರೆಯ ಮೇಲೆ ನಿಂತ ಹತ್ತು ಹುಡುಗಿಯರಲ್ಲಿ ಹಲವರು ಪಿಸ್ತೂಲಿನ ಸದ್ದು ಕೇಳುವ ಮೊದಲೇ ಹಿಂದೆ ಬಿದ್ದಿರಬಹುದೆಂಬುದು ಸಣ್ಣ ಮಾತಲ್ಲ.

ಕಬ್ಬಿಣದ ದಾಸ್ತಾನಿಲ್ಲದವರಿಗೆ ಎತ್ತರದ ವಾಸವೂ ಕೈಗೂಡುವುದಿಲ್ಲ. ಹೊಸ ರಕ್ತಕಣಗಳನ್ನು ಕಟ್ಟೆಂದು ಶರೀರ ಆಜ್ಞೆಯಿತ್ತರೂ ಕಟ್ಟಲು ಸಾಮಗ್ರಿಯಿರುವುದಿಲ್ಲ. ಆದುದರಿಂದಲೇ ಬೆಟ್ಟಕ್ಕೆ ಕಳಿಸುವ ಮುನ್ನ ಪಟುಗಳ ರಕ್ತದಲ್ಲಿನ ಕಬ್ಬಿಣವನ್ನು ಪರೀಕ್ಷಿಸುವುದು ತಿಳಿದವರ ಪದ್ಧತಿ. ಈ ಪರೀಕ್ಷೆಗೆ ಆಗುವ ಖರ್ಚು ತೆಳುಗಾಳಿಯ ಕೋಣೆಯ ಖರ್ಚಿನ ಎದುರು ಲೆಕ್ಕಕ್ಕೇ ಬಾರದು. ಸರಕಾರಿ ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಹೊಟ್ಟೆತೊಳಸುವುದೆಂದು ಹೇಳಿ ಕಿಟಕಿಯಾಚೆ ಎಸೆಯುವ ವಿದ್ಯಾರ್ಥಿನಿಯರು ಈ ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಬೇಕೆಂದು ನಮ್ಮ ಕೋರಿಕೆ. ರಕ್ತಹೀನತೆಯ ಗುರುತು ಕಂಡವರು ವೈದ್ಯರಲ್ಲಿಗೆ ಹೋಗಿ ಕಾರಣವನ್ನು ತಿಳಿದುಕೊಳ್ಳಬೇಕು. ಊಟದಲ್ಲಿ ಸೊಪ್ಪು, ರಾಗಿ, ಬೇಳೆ, ರೂಢಿಯಿದ್ದವರು ಮೀನುಮಾಂಸ, ಜೊತೆಗೆ ನಿಂಬೆಯ ಹುಳಿ ಇರುವಂತೆ ನೋಡಿಕೊಳ್ಳಬೇಕು. ಓಡುವ ಹುಡುಗಿಗೆ ಇದು ತರಬೇತಿನ ಮೊದಲನೆಯ ಪಾಠ.

ಇದಕ್ಕೊಂದು ಆಕ್ಷೇಪಣೆ ಬರಬಹುದು. ಹೊರದೇಶಗಳು ಇಷ್ಟೆಲ್ಲ ಸಾಧನಗಳನ್ನು ಬಳಸುತ್ತಿರುವಾಗ ನಾವು ಸೊಪ್ಪುಸಾರು, ಮಾತ್ರೆಗಳ ಮಾತಾಡುತ್ತ ಕುಳಿತರೆ ಹಿಂದುಳಿಯುವುದಿಲ್ಲವೆ? ಎಂದು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಅಂತರರಾಷ್ಟ್ರೀಯ ಮಟ್ಟಕ್ಕೇರಿದ ಹಾಕಿ ತಂಡಕ್ಕೆ, ಎಲ್ಲ ಸಿದ್ಧತೆಗಳೂ ಮುಗಿದ ಮೇಲೆ, ಶೇಕಡಾ ಒಂದರಷ್ಟು ಲಾಭವೂ ಅಮೂಲ್ಯ. ಅಂಥವರಿಗಾಗಿ ಹಿಮಾಚಲ ಪ್ರದೇಶದ ಶಿಲಾರೂವಿನಲ್ಲಿ ಸುಮಾರು 2400 ಮೀಟರ್ ಎತ್ತರದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತು ಕೇಂದ್ರವಿದೆ. ಅದನ್ನು ಬಳಸಲಿ, ಬಳಸುವಾಗ ಮೊದಲೂ ಕೊನೆಗೂ ಅಳೆದು, ಬೆಟ್ಟಕ್ಕೆ ಹೋಗದ ಸಮಬಲದ ತಂಡದೊಡನೆ ಹೋಲಿಸಿ, ಫಲವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಲಿ. ನಮ್ಮ ವಿರೋಧ ಸಾಧನಕ್ಕಲ್ಲ, ಅಳತೆಯಿಲ್ಲದ ನಂಬಿಕೆಗೆ. ಸಮವಾದ ಓಟದ ಹಾದಿಯಿಲ್ಲದ, ಪೂರ್ಣಕಾಲದ ತರಬೇತುದಾರರಿಲ್ಲದ, ಹುಡುಗಿಯರು ಬಟ್ಟೆ ಬದಲಿಸಲೊಂದು ಕೋಣೆಯಿಲ್ಲದ ಕಾಲೇಜು ತೆಳುಗಾಳಿಯ ಕೋಣೆಯನ್ನು ಕಟ್ಟಹೊರಟರೆ ಅದು ಪ್ರಗತಿಯಲ್ಲ.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಸಲಹೆ. ಪದೇ ಪದೇ ಓಡುವ ಶಕ್ತಿಯನ್ನು ಅಳೆಯಲು ಪ್ರಯೋಗಾಲಯ ಬೇಕಿಲ್ಲ. 30 ಮೀಟರ್ ದೂರವನ್ನು ಗುರುತುಮಾಡಿಕೊಂಡು, ಮೈಯನ್ನು ಚೆನ್ನಾಗಿ ಬೆಚ್ಚಗೆ ಮಾಡಿಕೊಂಡ ಮೇಲೆ, ಒಂದೊಂದು ಓಟದ ನಡುವೆ 20 ಸೆಕೆಂಡು ಬಿಟ್ಟು ಆರು ಸಲ ಶಕ್ತಿಯಿದ್ದಷ್ಟೂ ಓಡಿರಿ. ಗೆಳೆಯನೊಬ್ಬ ಗಡಿಯಾರ ಹಿಡಿದು ಆರು ಕಾಲಗಳನ್ನೂ ಬರೆದುಕೊಳ್ಳಲಿ. ಅತ್ಯುತ್ತಮ ಕಾಲವನ್ನು ಆರರಿಂದ ಗುಣಿಸಿ, ಆರರ ಮೊತ್ತ ಅದಕ್ಕಿಂತ ಶೇಕಡಾ ಎಷ್ಟು ಹೆಚ್ಚೆಂದು ನೋಡಿರಿ. ಅತ್ಯುತ್ತಮ ಕಾಲ 4.5 ಸೆಕೆಂಡಾದರೆ ಆರರಿಂದ ಗುಣಿಸಿದಾಗ 27. ನಿಮ್ಮ ಮೊತ್ತ 28.35 ಬಂದರೆ ಇಳುವರಿಯಲ್ಲಾದ ನಷ್ಟ ಶೇಕಡಾ 5. ವಾರಕ್ಕೆರಡು ಸಲದಂತೆ ಒಂದು ತಿಂಗಳು ಅಭ್ಯಾಸಮಾಡಿ ಮತ್ತೆ ಅಳೆಯಿರಿ. ಅತ್ಯುತ್ತಮ ಕಾಲ ಕೆಡದೆ ನಷ್ಟ ತಗ್ಗಿದ್ದರೆ, ಅರೆನಿಮಿಷದ ವಿರಾಮದಲ್ಲಿ ದಾಸ್ತಾನು ತುಂಬಿಕೊಳ್ಳುವ ವಿದ್ಯೆಯನ್ನು ನಿಮ್ಮ ಸ್ನಾಯುಗಳು ಕಲಿತಿವೆಯೆಂದು ಭಾವಿಸಬಹುದು. ಅಷ್ಟನ್ನು ನಿಮ್ಮ ಊರಿನ ಗಾಳಿಯೇ ಕಲಿಸಿಕೊಟ್ಟಿರುತ್ತದೆ. ಅದು ಇನ್ನು ಕಲಿಸಲಾರದೆಂಬ ಹಂತಕ್ಕೆ ನೀವು ಮುಟ್ಟಿದ ದಿನ ಬೆಟ್ಟದ ಮಾತನ್ನು ಎತ್ತಬಹುದು.